ಬೀಚ್ ಬಿಟ್ಟು ದಕ್ಷಿಣ ಅಂಡಮಾನ್: ಸ್ಕೂಟರ್‌ನಲ್ಲಿ ಸುತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಅಂಡಮಾನ್‌ಗೆ ಹೋಗುವ ಹೆಚ್ಚಿನವರ ಪಟ್ಟಿ ಒಂದೇ ತರ ಇರುತ್ತದೆ. ಪೋರ್ಟ್ ಬ್ಲೇರ್‌ನಲ್ಲಿ ಇಳಿಯುವುದು, ಸಂಜೆ ಸೆಲ್ಯುಲರ್ ಜೈಲು ನೋಡುವುದು, ಮರುದಿನ ಬೆಳಿಗ್ಗೆ ಹ್ಯಾವ್‌ಲಾಕ್ ಬೋಟು ಹಿಡಿಯುವುದು. ಪೇಟೆಯ ಆಚೆ ದಕ್ಷಿಣ ಅಂಡಮಾನ್ ಅಂತ ದೊಡ್ಡದೊಂದು ದ್ವೀಪ ಇದೆ, ಅದರಲ್ಲಿ ಹಳ್ಳಿಗಳಿವೆ, ತೋಟಗಳಿವೆ, ಕಾಡಿದೆ ಅನ್ನುವುದು ವಾಪಸ್ ಬಂದ ಮೇಲೂ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಆ ದ್ವೀಪವನ್ನು ಸ್ಕೂಟರ್‌ನಲ್ಲಿ ನೋಡಬೇಕು ಅನ್ನುವವರಿಗಾಗಿ ಈ ಪ್ರಶ್ನೋತ್ತರ.

ಅಂಡಮಾನ್ ಅಂದರೆ ಹ್ಯಾವ್‌ಲಾಕ್ ಅಲ್ವಾ? ಪೋರ್ಟ್ ಬ್ಲೇರ್‌ನಲ್ಲಿ ಯಾಕೆ ಉಳಿಯಬೇಕು?

ಹ್ಯಾವ್‌ಲಾಕ್ ಚೆನ್ನಾಗಿದೆ, ಹೋಗಿ. ಆದರೆ ಅಲ್ಲಿ ನೀವು ನೋಡುವುದು ಹೆಚ್ಚಾಗಿ ಸಮುದ್ರ ಮತ್ತು ರೆಸಾರ್ಟ್. ಈ ದ್ವೀಪಗಳಿಗೆ ಜನ ಹೇಗೆ ಬಂದರು, ಯಾರು ತಂದು ಬಿಟ್ಟರು, ಬಂದವರು ಹೇಗೆ ಬೇರು ಬಿಟ್ಟರು ಅನ್ನುವುದು ತಿಳಿಯಬೇಕಾದರೆ ದಕ್ಷಿಣ ಅಂಡಮಾನ್‌ನ ಒಳರಸ್ತೆಗಳಿಗೇ ಬರಬೇಕು. 1858ರಲ್ಲಿ ಬ್ರಿಟಿಷರು ಕೈದಿಗಳ ವಸಾಹತು ಶುರು ಮಾಡಿದ್ದು ಇಲ್ಲೇ. ಸೆಲ್ಯುಲರ್ ಜೈಲು ಕಟ್ಟಿದ್ದು ಅದಕ್ಕಿಂತ ಎಷ್ಟೋ ತಡವಾಗಿ, 1896ರಿಂದ 1906ರ ನಡುವೆ. ಸೆಲ್ಯುಲರ್ ಜೈಲು ಇಲ್ಲದ ಆ ನಾಲ್ಕು ದಶಕಗಳಲ್ಲಿ ಇಡೀ ದ್ವೀಪವೇ ಜೈಲಾಗಿತ್ತು. ಕಾಡು ಕಡಿದು, ರಸ್ತೆ ಹಾಕಿ, ಗದ್ದೆ ಮಾಡಿದ್ದು ಕೈದಿಗಳು. ನೀವು ಸ್ಕೂಟರ್ ಓಡಿಸುವ ಎಷ್ಟೋ ಹಳ್ಳಿಗಳು ಶುರುವಾದದ್ದೇ ಹಾಗೆ.

ಹೆಸರಿನ ಬಗ್ಗೆ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯ ಪುರಂ ಅಂತ ಹೆಸರಿಟ್ಟರು. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ಅದರ ಪಕ್ಕದ ನೀಲ್ ಈಗ ಶಹೀದ್ ದ್ವೀಪ. ಟಿಕೆಟ್ ಮತ್ತು ಫಲಕಗಳಲ್ಲಿ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ. ಹಳೆಯ ಹೆಸರು ಹೇಳಿದರೂ ಎಲ್ಲರಿಗೂ ತಿಳಿಯುತ್ತದೆ, ನಾನೂ ಇಲ್ಲಿ ಹಳೆಯದನ್ನೇ ಬಳಸಿದ್ದೇನೆ.

ಟ್ಯಾಕ್ಸಿ ಇರುವಾಗ ಸ್ಕೂಟರ್ ಯಾಕೆ?

ಟ್ಯಾಕ್ಸಿಯವರು ಗೊತ್ತಿರುವ ನಾಲ್ಕು ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ನೋಡಬೇಕಾದದ್ದು ಆ ಜಾಗಗಳ ನಡುವೆ ಇದೆ. ಒಂದು ತಿರುವಿನಲ್ಲಿ ಹಳೆಯ ಜಪಾನಿ ಬಂಕರ್ ಸಿಗುತ್ತದೆ, ಇನ್ನೊಂದು ಕಡೆ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿರುತ್ತಾರೆ, ಮತ್ತೊಂದು ಕಡೆ ರಸ್ತೆಗೆ ತಾಗಿಕೊಂಡೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ನಿಲ್ಲಿಸಬೇಕು ಅನಿಸಿದ ಕೂಡಲೇ ನಿಲ್ಲಿಸಲು ಸ್ಕೂಟರೇ ಸರಿ. ರಸ್ತೆಗಳು ಕಿರಿದು, ಏರಿಳಿತ ಜಾಸ್ತಿ, ವೇಗ ತಾನಾಗಿಯೇ ಮೂವತ್ತು–ನಲವತ್ತರಲ್ಲಿ ಉಳಿಯುತ್ತದೆ. ಅದೇ ಸರಿಯಾದ ವೇಗ.

ಪರ್ಮಿಟ್ ಬೇಕಾ? ಯಾವ ಲೈಸೆನ್ಸ್?

ಭಾರತೀಯರಿಗೆ ಪೋರ್ಟ್ ಬ್ಲೇರ್ ಸುತ್ತಮುತ್ತ, ಹ್ಯಾವ್‌ಲಾಕ್, ನೀಲ್‌ಗೆ ಪ್ರತ್ಯೇಕ ಪರ್ಮಿಟ್ ಬೇಡ. ಆದಿವಾಸಿಗಳ ಮೀಸಲು ಪ್ರದೇಶದ ಮಾತೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಕರ್ನಾಟಕದ ದ್ವಿಚಕ್ರ ವಾಹನದ ಲೈಸೆನ್ಸ್ ಸಾಕು. ಕಾರಿನ ಲೈಸೆನ್ಸ್ ಒಂದೇ ಇದ್ದರೆ ಸ್ಕೂಟರ್ ಮುಟ್ಟಬೇಡಿ, ಅಪಘಾತವಾದರೆ ವಿಮೆಯವರು ಕೈಬಿಡುತ್ತಾರೆ. ಗುರುತಿನ ಚೀಟಿಯ ಅಸಲಿ ಪ್ರತಿ ಜೊತೆಗಿರಲಿ. ಅರಣ್ಯ ಇಲಾಖೆಯ ಗೇಟುಗಳಲ್ಲಿ ಕೇಳುತ್ತಾರೆ.

ಬಾಡಿಗೆ ಎಷ್ಟು? ತೆಗೆದುಕೊಳ್ಳುವಾಗ ಏನು ನೋಡಬೇಕು?

ಗೇರ್ ಇಲ್ಲದ ಸ್ಕೂಟರ್‌ಗೆ ದಿನಕ್ಕೆ ಸಾಮಾನ್ಯವಾಗಿ 500ರಿಂದ 700 ರೂಪಾಯಿ. ಡಿಸೆಂಬರ್ ಕೊನೆಯ ವಾರ ಇನ್ನೂ ಜಾಸ್ತಿ. ಮುಂಗಡವಾಗಿ ಸ್ವಲ್ಪ ಹಣ ಇಡಿಸಿಕೊಳ್ಳುತ್ತಾರೆ.

ಬ್ರೇಕ್ ಮೊದಲು ನೋಡಿ. ಮೌಂಟ್ ಹ್ಯಾರಿಯೆಟ್ ಬೆಟ್ಟ ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಆಮೇಲೆ ಟೈರಿನ ಗೆರೆಗಳು. ಮಳೆಗಾಲದಲ್ಲಿ ಇಲ್ಲಿನ ತಿರುವುಗಳಲ್ಲಿ ಪಾಚಿ ಕಟ್ಟಿರುತ್ತದೆ, ಸವೆದ ಟೈರ್ ನಿಲ್ಲುವುದಿಲ್ಲ. ಉಪ್ಪುಗಾಳಿಗೆ ಇಲ್ಲಿ ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ, ಹಾಗಾಗಿ ಸೈಡ್ ಸ್ಟ್ಯಾಂಡು, ಕನ್ನಡಿಯ ಸ್ಕ್ರೂ ಒಮ್ಮೆ ಅಲುಗಾಡಿಸಿ ನೋಡಿ. ಗಾಡಿಯ ಸುತ್ತ ಒಂದು ವೀಡಿಯೊ ಮಾಡಿಕೊಂಡರೆ ವಾಪಸ್ ಕೊಡುವಾಗ ಗೀರಿನ ಬಗ್ಗೆ ಮಾತು ಬೆಳೆಯುವುದಿಲ್ಲ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕೇಳಿ ಪಡೆಯಿರಿ.

ಯಾವ ತಿಂಗಳು ಒಳ್ಳೆಯದು?

ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ. ಮುಂಗಾರು ನಮ್ಮ ಕರಾವಳಿಗೆ ಬರುವ ಮೊದಲೇ, ಮೇ ತಿಂಗಳಲ್ಲೇ, ಅಂಡಮಾನ್ ಮುಟ್ಟುತ್ತದೆ. ಅದು ಹೋಗುವ ಹೊತ್ತಿಗೆ ಹಿಂಗಾರು ಶುರುವಾಗಿರುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರು. ಡಿಸೆಂಬರ್‌ನಲ್ಲೂ ಒಂದೆರಡು ದಿನ ಜೋರು ಮಳೆ ಬಂದರೆ ಆಶ್ಚರ್ಯವಿಲ್ಲ. ಮಲೆನಾಡಿನ ಮಳೆಯಲ್ಲಿ ಗಾಡಿ ಓಡಿಸಿ ರೂಢಿ ಇದ್ದವರು ಜೂನ್‌ನಲ್ಲೂ ಹೋಗಬಹುದು. ಕಾಡು ಆಗಲೇ ಅತಿ ಚೆಂದ, ಜಿಗಣೆಗಳೂ ಆಗಲೇ ಜಾಸ್ತಿ.

ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು?

ಐದೂವರೆಗೆ. ನಿಜವಾಗಿಯೂ. ಅಂಡಮಾನ್ ನಮ್ಮಿಂದ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಸೂರ್ಯ ಬೇಗ ಹುಟ್ಟಿ ಬೇಗ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯಾಸ್ತ. ಬೆಂಗಳೂರಿನ ಅಭ್ಯಾಸದಲ್ಲಿ ಒಂಬತ್ತಕ್ಕೆ ತಿಂಡಿ ತಿಂದು ಹತ್ತಕ್ಕೆ ಹೊರಟರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಪೇಟೆಯ ಹೊರಗಿನ ರಸ್ತೆಗಳಲ್ಲಿ ದೀಪ ಕಡಿಮೆ, ದನಗಳು ರಸ್ತೆ ಮೇಲೇ ಮಲಗಿರುತ್ತವೆ. ಕತ್ತಲಾಗುವ ಮೊದಲು ಪೇಟೆ ಸೇರುವಂತೆ ನೋಡಿಕೊಳ್ಳಿ.

ಮೊದಲ ದಿನ ಯಾವ ಕಡೆ ಹೋಗಲಿ?

ದಕ್ಷಿಣಕ್ಕೆ, ಚಿಡಿಯಾ ಟಾಪು ರಸ್ತೆಗೆ. ಪೇಟೆಯಿಂದ ಸುಮಾರು 25 ಕಿಲೋಮೀಟರ್. ಮೊದಲು ಕಾರ್ಬಿನ್ಸ್ ಕೋವ್ ಕಡೆಯ ಕಡಲ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಕಟ್ಟಿದ ಬಂಕರ್‌ಗಳು ರಸ್ತೆ ಬದಿಯಲ್ಲೇ ಇವೆ. ಆಮೇಲೆ ಒಳನಾಡಿನ ರಸ್ತೆ ಹಿಡಿದು ಗಾರಾಚರ್ಮಾ, ಕ್ಯಾಲಿಕಟ್, ಬೇಡ್ನಾಬಾದ್ ಹಳ್ಳಿಗಳನ್ನು ದಾಟಿ ಕೆಳಗೆ ಇಳಿಯಿರಿ. ಹೆಚ್ಚಿನವರು ಸೂರ್ಯಾಸ್ತಕ್ಕೆಂದು ಮಧ್ಯಾಹ್ನ ಮೂರಕ್ಕೆ ಹೊರಟು ನೇರ ಚಿಡಿಯಾ ಟಾಪುವಿಗೆ ಓಡುತ್ತಾರೆ. ನೀವು ಬೆಳಿಗ್ಗೆಯೇ ಹೊರಡಿ. ಕೊನೆಯ ಕೆಲವು ಕಿಲೋಮೀಟರ್ ಕಾಡಿನ ನಡುವೆ ಹಕ್ಕಿಗಳ ಕೂಗು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಎಂಜಿನ್ ಆಫ್ ಮಾಡಿ ನಿಂತರೆ ಗಿಣಿಗಳ ಹಿಂಡು ತಲೆ ಮೇಲೇ ಹಾದು ಹೋಗುತ್ತದೆ.

ಚಿಡಿಯಾ ಟಾಪುವಿನಿಂದ ಮುಂಡಾ ಪಹಾಡ್‌ವರೆಗೆ ಕಾಡಿನಲ್ಲಿ ನಡೆಯುವ ದಾರಿ ಇದೆ. ತುದಿಗೆ ಹೋದರೆ ಕಡಿದಾದ ಬಂಡೆ, ಕೆಳಗೆ ಸಮುದ್ರ, ಆಚೆ ರಟ್‌ಲ್ಯಾಂಡ್ ದ್ವೀಪ. ನೀರು ಮತ್ತು ಗಟ್ಟಿ ಚಪ್ಪಲಿ ಬೇಕು. ಒಂದು ವಿಷಯ ನಮ್ಮವರಿಗೆ ಇಷ್ಟವಾಗುತ್ತದೆ: ಹೊಸ ಸಂಖ್ಯೆ ಕೊಟ್ಟ ಮೇಲೆ ರಾಷ್ಟ್ರೀಯ ಹೆದ್ದಾರಿ 4 ಅಂದರೆ ಅಂಡಮಾನ್‌ನ ಈ ರಸ್ತೆ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ದಾಟಿ ಬೆಂಗಳೂರಿಗೆ ಬರುತ್ತಿದ್ದ ನಮ್ಮ ಹಳೆಯ ಎನ್‌ಎಚ್ 4 ಈಗ 48 ಆಗಿದೆ. ಅದರ ನಂಬರು ಕಡಲು ದಾಟಿ ಇಲ್ಲಿಗೆ ಬಂದಿದೆ.

ಸಿಪ್ಪಿಘಾಟ್‌ನಲ್ಲಿ ನೋಡಲು ಏನೂ ಇಲ್ಲ ಅಂತಾರಲ್ಲ?

ಈ ದ್ವೀಪದಲ್ಲಿ ಒಂದೇ ಜಾಗ ನೋಡಲು ಸಮಯ ಇದ್ದರೆ ನಾನು ಸಿಪ್ಪಿಘಾಟ್‌ಗೆ ಕಳಿಸುತ್ತೇನೆ. ವಂಡೂರ್ ಕಡೆ ಹೋಗುವಾಗ, ಪೇಟೆ ಬಿಟ್ಟು ಸ್ವಲ್ಪ ದೂರದಲ್ಲಿ ಸಿಗುತ್ತದೆ.

2004ರ ಡಿಸೆಂಬರ್ 26ರವರೆಗೆ ಇಲ್ಲಿ ಗದ್ದೆ, ತೋಟ ಇತ್ತು. ಅವತ್ತಿನ ಭೂಕಂಪಕ್ಕೆ ಇಡೀ ದ್ವೀಪಸಾಲು ಒಂದು ಕಡೆಗೆ ವಾಲಿತು. ಉತ್ತರ ಅಂಡಮಾನ್‌ನ ಕಡಲಂಚು ಮೇಲೆದ್ದು ಹವಳದ ಬಂಡೆಗಳು ಗಾಳಿಗೆ ಒಡ್ಡಿಕೊಂಡು ಸತ್ತವು. ದಕ್ಷಿಣ ಅಂಡಮಾನ್ ಸುಮಾರು ಒಂದು ಮೀಟರ್ ಕೆಳಗೆ ಕುಸಿಯಿತು. ಸುನಾಮಿಯ ಅಲೆ ಬಂದು ಹೋಯಿತು. ಆದರೆ ನೆಲವೇ ಕುಸಿದಿದ್ದರಿಂದ ಸಿಪ್ಪಿಘಾಟ್‌ಗೆ ನುಗ್ಗಿದ ಉಪ್ಪುನೀರು ಹೋಗಲೇ ಇಲ್ಲ. ಪ್ರತಿ ಉಬ್ಬರಕ್ಕೂ ಸಮುದ್ರ ಗದ್ದೆಗೆ ಬರತೊಡಗಿತು. ಒಂದು ಮೀಟರ್ ಅಂದರೆ ಕಾಗದದ ಮೇಲೆ ಏನೂ ಅಲ್ಲ. ಭತ್ತದ ಗದ್ದೆಗೆ ಅದು ಎಲ್ಲವೂ.

ಈಗ ಅಲ್ಲಿ ಸ್ಕೂಟರ್ ನಿಲ್ಲಿಸಿ ನೋಡಿ. ರಸ್ತೆಯ ಬದಿಯಲ್ಲೇ ನೀರು ಹರಡಿಕೊಂಡಿದೆ. ತಗ್ಗಿನಲ್ಲಿ ಹೊಸದಾಗಿ ಹುಟ್ಟಿದ ಕಾಂಡ್ಲಾ ಗಿಡಗಳು ಕೆಸರಿನಿಂದ ಬೆರಳುಗಳಂತೆ ಉಸಿರಾಟದ ಬೇರು ಎತ್ತಿ ನಿಂತಿವೆ. ಉಬ್ಬರ ಇಳಿದಾಗ ಕೆಸರಿನಲ್ಲಿ ಏಡಿಗಳ ಓಡಾಟ, ಅವುಗಳ ಹಿಂದೆ ಬೆಳ್ಳಕ್ಕಿಗಳು. ಚಳಿಗಾಲದಲ್ಲಿ ದೂರದೇಶದ ನೀರುಹಕ್ಕಿಗಳೂ ಬರುತ್ತವೆ. ಅಂಡಮಾನ್ ಟೀಲ್ ಅಂತ ಇಲ್ಲಿನದ್ದೇ ಒಂದು ಬಾತುಕೋಳಿ ಇದೆ, ಕಣ್ಣಿನ ಸುತ್ತ ಬಿಳಿ ಉಂಗುರ ಇರುವಂಥದ್ದು. ಅದನ್ನು ಸಿಪ್ಪಿಘಾಟ್ ಮತ್ತು ಹತ್ತಿರದ ಓಗ್ರಾಬ್ರಾಜ್‌ನಲ್ಲಿ ನೋಡಲು ಹಕ್ಕಿ ಪ್ರೇಮಿಗಳು ಬೈನಾಕ್ಯುಲರ್ ಹಿಡಿದು ಬೆಳಿಗ್ಗೆ ಬೆಳಿಗ್ಗೆಯೇ ಬಂದಿರುತ್ತಾರೆ. ಕೆಲವರ ಭೂಮಿ ಮುಳುಗಿದ ಜಾಗ ಹಕ್ಕಿಗಳಿಗೆ ಮನೆಯಾಗಿದೆ. ಎರಡನ್ನೂ ನೆನಪಿಟ್ಟುಕೊಂಡು ನೋಡಿ. ಅಲ್ಲಿನ ಟೀ ಅಂಗಡಿಯಲ್ಲಿ ಕೂತರೆ ಯಾವ ಗದ್ದೆ ಎಲ್ಲಿತ್ತು ಅಂತ ಕೈ ತೋರಿಸಿ ಹೇಳುವ ಹಿರಿಯರು ಸಿಗಬಹುದು. ಕೇಳುವ ತಾಳ್ಮೆ ನಿಮಗಿರಬೇಕು ಅಷ್ಟೆ.

ಮುಂದೆ ವಂಡೂರ್?

ಹೌದು. ಅಲ್ಲಿಂದಲೇ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಬೋಟುಗಳು ಹೊರಡುತ್ತವೆ. 1983ರಲ್ಲಿ ಮಾಡಿದ ಉದ್ಯಾನ ಇದು. ಹವಳಕ್ಕೆ ಬಿಡುವು ಸಿಗಲಿ ಅಂತ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಋತುವಿಗೆ ಒಂದರಂತೆ ತೆರೆಯುತ್ತಾರೆ. ಸೋಮವಾರ ರಜೆ. ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ. ಬೋಟು ಬೇಡ ಅಂದರೆ ಸುಮ್ನೆ ಕಡಲಂಚಿನಲ್ಲಿ ನಡೆದು ವಾಪಸ್ ಬನ್ನಿ. ಸುನಾಮಿಯಲ್ಲಿ ಸತ್ತು ಒಣಗಿದ ದೊಡ್ಡ ಮರಗಳ ಬುಡಗಳು ಮರಳಿನಲ್ಲಿ ಕಾಣುತ್ತವೆ.

ಸ್ಕೂಟರನ್ನು ಹಡಗಿಗೆ ಹತ್ತಿಸಬಹುದಾ? ಮೌಂಟ್ ಹ್ಯಾರಿಯೆಟ್‌ಗೆ ಹೇಗೆ ಹೋಗುವುದು?

ಹತ್ತಿಸಬಹುದು. ಈ ಪ್ರವಾಸದ ಅತಿ ಖುಷಿಯ ಭಾಗವೂ ಅದೇ. ಪೇಟೆಯ ಚಾಥಮ್ ಜೆಟ್ಟಿಯಿಂದ ಎದುರು ದಡದ ಬ್ಯಾಂಬೂ ಫ್ಲಾಟ್‌ಗೆ ವಾಹನ ಸಾಗಿಸುವ ಸರ್ಕಾರಿ ದೋಣಿ ಇದೆ. ಟಿಕೆಟ್ ಅಗ್ಗ, ದಾರಿ ಹತ್ತಿಪ್ಪತ್ತು ನಿಮಿಷ. ರಸ್ತೆಯಲ್ಲೇ ಸುತ್ತಿ ಬಂದರೆ ನಲವತ್ತು ಕಿಲೋಮೀಟರಿಗಿಂತ ಜಾಸ್ತಿ.

ದೋಣಿ ದಡ ಮುಟ್ಟಿದ ಕೂಡಲೇ ಕಬ್ಬಿಣದ ಹಲಗೆ ಕೆಳಗೆ ಬೀಳುತ್ತದೆ. ಮೊದಲು ಲಾರಿ, ಜೀಪು, ಆಮೇಲೆ ಸಂದುಗೊಂದಿನಲ್ಲೆಲ್ಲ ಸ್ಕೂಟರ್‌ಗಳು. ಶಾಲೆಯ ಮಕ್ಕಳು, ಮೀನಿನ ಬುಟ್ಟಿ, ಸಿಮೆಂಟ್ ಚೀಲ, ಕಚೇರಿಗೆ ಹೊರಟವರು, ಎಲ್ಲರೂ ಒಟ್ಟಿಗೆ. ಹಲಗೆ ಒದ್ದೆ ಇದ್ದರೆ ಜಾರುತ್ತದೆ, ಕಾಲು ಕೆಳಗಿಟ್ಟು ನಿಧಾನ ಹತ್ತಿಸಿ. ಒಳಗೆ ಹೋದ ಮೇಲೆ ಗಾಡಿಯನ್ನು ಸ್ಟ್ಯಾಂಡ್ ಹಾಕಿ ಅಲ್ಲೇ ಪಕ್ಕ ನಿಲ್ಲಿ.

ದೋಣಿ ಹತ್ತುವ ಮೊದಲು ಚಾಥಮ್ ಸಾಮಿಲ್‌ಗೆ ಒಂದು ಗಂಟೆ ಕೊಡಿ. 1883ರಲ್ಲಿ ಶುರುವಾದ ಮರದ ಕಾರ್ಖಾನೆ, ಏಷ್ಯಾದ ಹಳೆಯದರಲ್ಲಿ ಒಂದು. ಕೆಲಸ ನಡೆಯುವ ದಿನ ಹೋದರೆ ದೊಡ್ಡ ದಿಮ್ಮಿಗಳನ್ನು ಗರಗಸ ಸೀಳುವುದನ್ನು ಹತ್ತಿರದಿಂದ ನೋಡಬಹುದು. ಕೆಂಪು ಪಡೌಕ್ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಯುದ್ಧದ ಕಾಲದಲ್ಲಿ ಜಪಾನಿ ಬಾಂಬು ಬಿದ್ದ ಗುಂಡಿಯನ್ನು ಅಲ್ಲೇ ಹಾಗೇ ಉಳಿಸಿದ್ದಾರೆ.

ಬ್ಯಾಂಬೂ ಫ್ಲಾಟ್‌ನಿಂದ ಮೇಲೆ ಹತ್ತುವ ರಸ್ತೆ ಕಡಿದು, ಕಾಡು ದಟ್ಟ. ಬ್ರಿಟಿಷ್ ಅಧಿಕಾರಿಗಳ ಬೇಸಿಗೆ ನೆಲೆ ಇದಾಗಿತ್ತು. ರಾಬರ್ಟ್ ಟೈಟ್ಲರ್ ಅನ್ನುವ ಅಧಿಕಾರಿಯ ಹೆಂಡತಿ ಹ್ಯಾರಿಯೆಟ್ ಹೆಸರು ಬೆಟ್ಟಕ್ಕೆ ಬಂತು. 2021ರಲ್ಲಿ ಅದನ್ನು ಮೌಂಟ್ ಮಣಿಪುರ ಅಂತ ಬದಲಿಸಿದರು. 1891ರಲ್ಲಿ ಬ್ರಿಟಿಷರ ವಿರುದ್ಧ ಯುದ್ಧ ಮಾಡಿ ಸೋತ ಮಣಿಪುರದ ಕುಲಚಂದ್ರ ಸಿಂಗ್ ಮತ್ತು ಸಂಗಡಿಗರನ್ನು ಗಡಿಪಾರು ಮಾಡಿ ಇಲ್ಲೇ ಇಟ್ಟಿದ್ದರು, ಅದಕ್ಕೆ ಆ ಹೆಸರು.

1872ರ ಫೆಬ್ರವರಿ 8ರಂದು ವೈಸ್‌ರಾಯ್ ಲಾರ್ಡ್ ಮೇಯೋ ಸೂರ್ಯಾಸ್ತ ನೋಡಲು ಈ ಬೆಟ್ಟ ಹತ್ತಿದ್ದ. ಇಳಿದು ಹೋಪ್‌ಟೌನ್ ಜೆಟ್ಟಿಯಲ್ಲಿ ದೋಣಿ ಹತ್ತುವ ಹೊತ್ತಿಗೆ ಶೇರ್ ಅಲಿ ಅಫ್ರಿದಿ ಅನ್ನುವ ಪಠಾಣ ಕೈದಿ ಕತ್ತಲಲ್ಲಿ ಹಾರಿ ಬಂದು ಚಾಕುವಿನಿಂದ ಇರಿದ. ಕೆಲಸದಲ್ಲಿರುವಾಗಲೇ ಕೊಲೆಯಾದ ವೈಸ್‌ರಾಯ್ ಇವನೊಬ್ಬನೇ. ಶೇರ್ ಅಲಿಯನ್ನು ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಿದರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕೋರ್ಟ್ ಇರುವ ಮೇಯೋ ಹಾಲ್ ಇದೇ ಮೇಯೋ ನೆನಪಿಗೆ ಕಟ್ಟಿದ ಕಟ್ಟಡ. ದಿನಾ ಅದರ ಮುಂದೆ ಓಡಾಡುವವರು ಹೋಪ್‌ಟೌನ್‌ನಲ್ಲಿ ಒಂದು ನಿಮಿಷ ನಿಂತು ಹೋಗಿ.

ಹಳೆಯ ಕೆಂಪು ಛಾಯೆಯ 20 ರೂಪಾಯಿ ನೋಟು ಇದ್ದರೆ ಜೊತೆಗಿಟ್ಟುಕೊಳ್ಳಿ. ಅದರ ಹಿಂದಿರುವ ತೆಂಗಿನಮರ, ದೀಪಸ್ತಂಭ, ಬೆಟ್ಟದ ಚಿತ್ರ ಇಲ್ಲಿನದ್ದೇ. ಪೇಟೆಯ ದಡದಿಂದ ಈ ಕಡೆ ನೋಡಿದಾಗ ಕಾಣುವ ನೋಟ ಅದು.

ಕ್ಯಾಲಿಕಟ್, ತಿರೂರ್, ವಂಡೂರ್... ಇವೆಲ್ಲ ಕೇರಳದ ಹೆಸರುಗಳಲ್ವಾ?

ಹೌದು, ಅದರ ಹಿಂದೆ ನೋವಿನ ಕತೆ ಇದೆ. 1921ರ ಮಲಬಾರ್ ಬಂಡಾಯದ ನಂತರ ಬ್ರಿಟಿಷರು ಸಾವಿರಾರು ಮಾಪಿಳ್ಳೆ ಮುಸ್ಲಿಮರನ್ನು ಶಿಕ್ಷೆಗೆ ಗುರಿಮಾಡಿದರು, ಅವರಲ್ಲಿ ಬಹಳಷ್ಟು ಜನರನ್ನು ಅಂಡಮಾನ್‌ಗೆ ಕಳಿಸಿದರು. ಆಮೇಲೆ ಕುಟುಂಬಗಳೂ ಬಂದವು. ಊರು ಬಿಟ್ಟು ಬಂದವರು ತಮ್ಮ ಊರಿನ ಹೆಸರನ್ನೇ ಹೊಸ ನೆಲಕ್ಕೆ ಇಟ್ಟರು. ಈಗಲೂ ಆ ಹಳ್ಳಿಗಳಲ್ಲಿ ಮಲಯಾಳ ಕೇಳುತ್ತದೆ, ಮಸೀದಿ ಇದೆ, ತೆಂಗು–ಅಡಿಕೆ ತೋಟ ಇದೆ.

ಇನ್ನು ‘ಗಂಜ್’ ಅಂತ ಮುಗಿಯುವ ಹಳ್ಳಿಗಳು, ಅಂದರೆ ವಿಂಬರ್ಲಿಗಂಜ್, ಫೆರಾರ್‌ಗಂಜ್, ಬ್ರಿಚ್‌ಗಂಜ್, ಬ್ರಿಟಿಷ್ ಅಧಿಕಾರಿಗಳ ಹೆಸರಿನವು. ನಡತೆ ಸರಿಯಿದ್ದ ಕೈದಿಗೆ ಕೆಲವು ವರ್ಷದ ನಂತರ ತುಂಡು ಭೂಮಿ ಕೊಟ್ಟು, ಮದುವೆಯಾಗಲು ಬಿಟ್ಟು, ಹಳ್ಳಿ ಕಟ್ಟಿಸುತ್ತಿದ್ದರು. ಯಾವ ಜಾತಿ, ಯಾವ ಭಾಷೆ ಅನ್ನುವ ಲೆಕ್ಕ ಅಲ್ಲಿ ನಿಲ್ಲಲಿಲ್ಲ. ಪಂಜಾಬಿನ ಗಂಡ, ಮದರಾಸಿನ ಹೆಂಡತಿ, ಮಕ್ಕಳ ಮಾತು ಹಿಂದೂಸ್ತಾನಿ. ಅವರ ಮೊಮ್ಮಕ್ಕಳನ್ನು ಇಲ್ಲಿ ‘ಲೋಕಲ್ ಬಾರ್ನ್’ ಅನ್ನುತ್ತಾರೆ. 1942ಕ್ಕೆ ಮೊದಲೇ ಇಲ್ಲಿದ್ದ ಕುಟುಂಬಗಳನ್ನು ‘ಪ್ರಿ ಫಾರ್ಟಿಟೂ’ ಅಂತ ಕರೆಯುತ್ತಾರೆ. 1949ರಿಂದ ಪೂರ್ವ ಬಂಗಾಳದ ನಿರಾಶ್ರಿತರು ಬಂದರು. ಕಾಡು ಕಡಿಯುವ ಕೆಲಸಕ್ಕೆ ಛೋಟಾ ನಾಗಪುರದಿಂದ ಆದಿವಾಸಿಗಳನ್ನು ಕರೆತಂದರು, ಅವರಿಗೆ ಇಲ್ಲಿ ‘ರಾಂಚಿ’ಯವರು ಅಂತಲೇ ಹೆಸರು. ತಮಿಳರು, ತೆಲುಗರು ಪೇಟೆ ತುಂಬ ಇದ್ದಾರೆ. ಹತ್ತು ಕಿಲೋಮೀಟರ್ ಸ್ಕೂಟರ್ ಓಡಿಸಿದರೆ ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರ ನಾಲ್ಕೂ ಸಿಗಬಹುದು.

ಇದನ್ನು ತಿಳಿದು ಹೋದರೆ ಅಜ್ಜನ ಕತೆ ಕೇಳುವಾಗ ಜಾಗ್ರತೆಯೂ ಬರುತ್ತದೆ. ‘ನಿಮ್ಮ ತಾತ ಏನು ಅಪರಾಧ ಮಾಡಿದ್ದರು’ ಅಂತ ಯಾರನ್ನೂ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಹಂಫ್ರೀಗಂಜ್‌ನಲ್ಲಿ ಏನಿದೆ?

ಒಂದು ಸ್ಮಾರಕ. ಫೆರಾರ್‌ಗಂಜ್ ಕಡೆ ಸುತ್ತುವ ದಿನ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಜಪಾನಿಯರು 1942ರ ಮಾರ್ಚ್‌ನಿಂದ 1945ರವರೆಗೆ ಈ ದ್ವೀಪಗಳನ್ನು ಹಿಡಿದಿದ್ದರು. ಬ್ರಿಟಿಷರ ಗೂಢಚಾರರು ಅನ್ನುವ ಅನುಮಾನದ ಮೇಲೆ ಎಷ್ಟೋ ಜನರನ್ನು ಹಿಂಸಿಸಿ ಕೊಂದರು. 1944ರ ಜನವರಿ 30ರಂದು 44 ಜನರನ್ನು ಇಲ್ಲಿಗೆ ತಂದು ಗುಂಡಿಟ್ಟರು. ನೇತಾಜಿ ಸುಭಾಷರು ಪೋರ್ಟ್ ಬ್ಲೇರ್‌ಗೆ ಬಂದು ತ್ರಿವರ್ಣ ಧ್ವಜ ಹಾರಿಸಿ ಆಗಿನ್ನೂ ಒಂದು ತಿಂಗಳು ಕಳೆದಿತ್ತಷ್ಟೆ. ಪ್ರವಾಸಿಗರು ಇಲ್ಲಿ ಕಾಣುವುದೇ ಅಪರೂಪ. ಸೆಲ್ಯುಲರ್ ಜೈಲಿನ ಬೆಳಕಿನ ಪ್ರದರ್ಶನ ನೋಡಿದವರೆಲ್ಲ ಇಲ್ಲಿಗೂ ಒಮ್ಮೆ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಉತ್ತರಕ್ಕೆ ಹಾಗೇ ಹೋಗುತ್ತಾ ಇದ್ದರೆ? ಜಾರವಾ ಆದಿವಾಸಿಗಳನ್ನು ನೋಡಬಹುದಾ?

ನೋಡಲು ಹೋಗಬಾರದು. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ಗೆ ನಿಮ್ಮ ಬಾಡಿಗೆ ಸ್ಕೂಟರಿನ ದಾರಿ ಮುಗಿಯಿತು. ಅದರಾಚೆ ಜಾರವಾಗಳ ಮೀಸಲು ಕಾಡು. ವಾಹನಗಳು ನಿಗದಿತ ಹೊತ್ತಿಗೆ ಸಾಲಾಗಿ, ಕಾವಲಿನ ಜೊತೆ ಹೋಗುತ್ತವೆ. ಬಾರಾಟಾಂಗ್‌ನ ಸುಣ್ಣದ ಗುಹೆ ನೋಡಲೇಬೇಕು ಅಂದರೆ ಬಸ್ಸಿನಲ್ಲಿ ಹೋಗಿ, ಕಿಟಕಿಯಿಂದ ಯಾರಾದರೂ ಕಂಡರೆ ಫೋನ್ ಎತ್ತಬೇಡಿ. ಆದಿವಾಸಿಗಳ ರಕ್ಷಣೆಗೆ 1956ರಲ್ಲೇ ಕಾನೂನು ಬಂದಿದೆ, 2012ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಫೋಟೊ ತೆಗೆದರೆ, ತಿಂಡಿ ಕೊಟ್ಟರೆ ಜೈಲು. ಕಾಡಿನ ಈ ರಸ್ತೆಯನ್ನು ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತ್ತು. ಇವತ್ತಿಗೂ ವಾಹನಗಳು ಓಡುತ್ತಲೇ ಇವೆ.

ಕಾನೂನಿನ ಭಯಕ್ಕಷ್ಟೇ ಅಲ್ಲ. ಹೊರಗಿನವರ ನೆಗಡಿ, ದಡಾರ ಅವರಿಗೆ ಪ್ರಾಣಕ್ಕೇ ಕುತ್ತು. ಅಂಡಮಾನ್‌ನ ಬೇರೆ ಬುಡಕಟ್ಟುಗಳು ನಶಿಸಿದ್ದು ಹೀಗೆಯೇ. ತಿರೂರ್, ಕಾಲಿನ್‌ಪುರ ಕಡೆಯ ಹಳ್ಳಿಗಳು ಮೀಸಲಿನ ಗಡಿಗೆ ಹತ್ತಿರ. ಅಲ್ಲಿ ಫಲಕ ಕಂಡಲ್ಲಿ ತಿರುಗಿಬಿಡಿ. ‘ಜಾರವಾ ತೋರಿಸುತ್ತೇನೆ’ ಅಂತ ಯಾರಾದರೂ ಹೇಳಿದರೆ ಅವರ ಜೊತೆ ಮಾತೇ ಬೇಡ.

ಮೊಸಳೆ ನಿಜವಾಗಿಯೂ ಇದೆಯಾ?

ಇದೆ, ಉಪ್ಪುನೀರಿನ ದೊಡ್ಡ ಮೊಸಳೆ. ಕಾಂಡ್ಲಾ ತೊರೆಗಳಲ್ಲಿ ಇರುತ್ತದೆ, ಸಮುದ್ರದಲ್ಲೂ ಈಜುತ್ತದೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಒಬ್ಬ ಪ್ರವಾಸಿಯನ್ನು ಕೊಂದಿದೆ. ಜನರಿಲ್ಲದ ಚೆಂದದ ಕಡಲಂಚು ಸಿಕ್ಕಿತು ಅಂತ ನೀರಿಗೆ ಇಳಿಯಬೇಡಿ. ತೊರೆ ಸಮುದ್ರಕ್ಕೆ ಸೇರುವ ಜಾಗದಲ್ಲಂತೂ ಬೇಡವೇ ಬೇಡ. ಊರಿನವರು ಎಲ್ಲಿ ಇಳಿಯುತ್ತಾರೋ ಅಲ್ಲಿ ಮಾತ್ರ. ಕಾಡಿನ ವಿಷಯಕ್ಕೆ ಬಂದರೆ ಇಲ್ಲಿ ಹುಲಿ, ಚಿರತೆ ಇಲ್ಲ. ಹಾವಿದೆ, ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬೇಡಿ.

ಊಟ?

ಚಿಂತೆ ಬೇಡ. ಬೆಳಿಗ್ಗೆ ಇಡ್ಲಿ, ದೋಸೆ ಪೇಟೆಯಲ್ಲಿ ಎಲ್ಲ ಕಡೆ ಸಿಗುತ್ತದೆ. ಹಳ್ಳಿಗಳ ಚಿಕ್ಕ ಹೋಟೆಲ್‌ಗಳಲ್ಲಿ ಅನ್ನ, ಬೇಳೆ, ಒಂದು ಪಲ್ಯ, ಮೀನು. ಬಂಗಾಳಿ ಮನೆಯವರು ನಡೆಸುವ ಜಾಗವಾದರೆ ಸಾಸಿವೆ ಹಾಕಿದ ಮೀನು ಕೇಳಿ ನೋಡಿ. ಸಸ್ಯಾಹಾರಿಗಳಿಗೂ ಕೊರತೆ ಇಲ್ಲ. ತರಕಾರಿಯಲ್ಲಿ ಸಾಕಷ್ಟು ಭಾಗ ಹಡಗಿನಲ್ಲಿ ಬರುವುದರಿಂದ ಬೆಲೆ ಸ್ವಲ್ಪ ಜಾಸ್ತಿ. ಎರಡು ಗಂಟೆ ದಾಟಿದ ಮೇಲೆ ಹಳ್ಳಿಯಲ್ಲಿ ಊಟ ಸಿಗುವುದು ಕಷ್ಟ.

ಭಾಷೆ? ಮೊಬೈಲ್?

ಹರಕು ಹಿಂದಿ ಸಾಕು, ಇಲ್ಲಿ ಎಲ್ಲರದ್ದೂ ತಮ್ಮದೇ ರೀತಿಯ ಹಿಂದಿ. ತಮಿಳು ಬಂದರೆ ಇನ್ನೂ ಸುಲಭ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಪೇಟೆಯಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಕಾಡಿನ ರಸ್ತೆಯಲ್ಲಿ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಚಿಲ್ಲರೆ ಕೈಯಲ್ಲಿರಲಿ.

ಪೆಟ್ರೋಲ್, ಪಂಕ್ಚರ್, ಅಪಘಾತ?

ಪೇಟೆ ಬಿಡುವ ಮೊದಲು ಟ್ಯಾಂಕ್ ತುಂಬಿಸಿ. ಹೊರಗೆ ಬಂಕ್ ಕಡಿಮೆ. ಪಂಕ್ಚರ್ ಅಂಗಡಿ ದೊಡ್ಡ ಹಳ್ಳಿಗಳಲ್ಲಿದೆ, ಭಾನುವಾರ ತೆರೆದಿರುತ್ತದೆ ಅಂತ ನಂಬಿಕೊಳ್ಳಬೇಡಿ. ದೊಡ್ಡ ಪೆಟ್ಟಾದರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಬರಬೇಕು. ತುರ್ತಿಗೆ 112. ದ್ವೀಪದಲ್ಲಿ ಚಿಕಿತ್ಸೆ ಸಾಲದೆ ಚೆನ್ನೈಗೆ ಒಯ್ಯಬೇಕಾದರೆ ವಿಮಾನವೇ ಗತಿ, ಹಾಗಾಗಿ ಪ್ರಯಾಣ ವಿಮೆ ಮಾಡಿಸುವುದು ಒಳ್ಳೆಯದು. ಮಳೆಯಲ್ಲಿ ತಿರುವಿನಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿಯಬೇಡಿ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ?

ಹೋಗಬಹುದು, ಹೋಗುತ್ತಾರೆ. ಇಲ್ಲಿನ ಹೆಣ್ಣುಮಕ್ಕಳೇ ಎಲ್ಲ ಕಡೆ ಸ್ಕೂಟರ್ ಓಡಿಸುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಮುಂಡಾ ಪಹಾಡ್‌ನಂಥ ಕಾಡಿನ ನಡಿಗೆಗೆ ಮಾತ್ರ ಒಬ್ಬರಾದರೂ ಜೊತೆಗಿರಲಿ. ಈ ಮಾತು ಗಂಡಸರಿಗೂ ಅನ್ವಯಿಸುತ್ತದೆ.

ಇದೇ ಸ್ಕೂಟರನ್ನು ಹ್ಯಾವ್‌ಲಾಕ್‌ಗೆ ಒಯ್ಯಬಹುದಾ?

ಬೇಡ, ಅಲ್ಲೇ ಬಾಡಿಗೆಗೆ ಸಿಗುತ್ತದೆ. ಹ್ಯಾವ್‌ಲಾಕ್‌ನಲ್ಲಿ ಜೆಟ್ಟಿಯಿಂದ ರಾಧಾನಗರ ಬೀಚ್‌ಗೆ 12 ಕಿಲೋಮೀಟರ್. ಬೀಚ್ ಮುಗಿಸಿ ಬರುವಾಗ ಒಳಹಳ್ಳಿಗಳ ಅಡಿಕೆ ತೋಟಗಳ ನಡುವೆ ಒಮ್ಮೆ ಹೊಕ್ಕು ಬನ್ನಿ. ನೀಲ್ ಚಿಕ್ಕದು, ಅಲ್ಲಿಗೆ ಸೈಕಲ್ ಸಾಕು.

ಚಿಪ್ಪು, ಹವಳ ತರಬಹುದಾ?

ಇಲ್ಲ. ಸತ್ತ ಹವಳದ ತುಂಡೂ ಬೇಡ. ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ.

ಒಟ್ಟು ಎಷ್ಟು ದಿನ ಬೇಕು?

ದಕ್ಷಿಣ ಅಂಡಮಾನ್‌ಗೆ ಮಾತ್ರ ಪೂರ್ತಿ ಮೂರು ದಿನ ಇಡಿ. ಒಂದು ದಿನ ಚಿಡಿಯಾ ಟಾಪು, ಒಂದು ದಿನ ಸಿಪ್ಪಿಘಾಟ್–ವಂಡೂರ್, ಒಂದು ದಿನ ಚಾಥಮ್‌ನಿಂದ ದೋಣಿ ದಾಟಿ ಮೌಂಟ್ ಹ್ಯಾರಿಯೆಟ್, ವಿಂಬರ್ಲಿಗಂಜ್, ಫೆರಾರ್‌ಗಂಜ್ ಸುತ್ತಿ ರಸ್ತೆಯಲ್ಲೇ ವಾಪಸ್. ಈ ಮೂರನೆಯ ಸುತ್ತು ಉದ್ದ, ಬೆಳಗಿನ ಮೊದಲ ದೋಣಿಗೇ ಹೋಗಿ. ಇನ್ನೊಂದು ದಿನ ಸಿಕ್ಕರೆ ವಿಂಬರ್ಲಿಗಂಜ್ ಕಡೆಯಿಂದ ಕಾಲಾಟಾಂಗ್, ಶೋಲ್ ಬೇ ರಸ್ತೆಗೆ ಇಟ್ಟುಕೊಳ್ಳಿ, ಹಕ್ಕಿ ನೋಡುವವರಿಗೆ ಅದು ಬಹಳ ಒಳ್ಳೆಯ ದಾರಿ. ಹ್ಯಾವ್‌ಲಾಕ್ ಬೋಟಿನ ಟಿಕೆಟ್ ಈ ದಿನಗಳಾದ ಮೇಲಿನದ್ದು ಮಾಡಿಸಿ. ಸಮುದ್ರ ಕೆರಳಿದರೆ ಬೋಟು ರದ್ದಾಗುತ್ತದೆ, ಹಾಗಾಗಿ ಬೆಂಗಳೂರಿನ ವಿಮಾನಕ್ಕೆ ಒಂದು ದಿನ ಮೊದಲೇ ಪೋರ್ಟ್ ಬ್ಲೇರ್‌ಗೆ ಮರಳಿರಿ.